ಕಲಬುರಗಿಯಲ್ಲಿ ಕುಳಿತು ಸ್ಪ್ಯಾನಿಷ್ ಸಿನಿಮಾ ನೋಡಲು ಕಾನೂನುಬದ್ಧ ದಾರಿಗಳು

ಅಣ್ಣನ ಮಗಳು ಸ್ಪ್ಯಾನಿಷ್ ಕಲಿಯಲು ತೊಡಗಿದಾಗಿನಿಂದ, ಮನೆಮಂದಿಯೆಲ್ಲ ಕೂತು ನೋಡಬಹುದಾದ ಆ ಭಾಷೆಯ ಸಿನಿಮಾಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನವನ್ನೆಲ್ಲ ಮನೆಯೊಳಗೇ ಕಳೆಯಬೇಕಾದ್ದರಿಂದ ನೋಡಲು ಸಮಯಕ್ಕೇನೂ ಕೊರತೆಯಿಲ್ಲ.

ಅಂತರ್ಜಾಲದಲ್ಲಿ ಹುಡುಕಿದರೆ ‘ಉಚಿತ’ ಎಂದು ಕೈಬೀಸಿ ಕರೆಯುವ ತಾಣಗಳೇ ಎದುರಾಗುತ್ತವೆ. ಹಕ್ಕುದಾರರ ಒಪ್ಪಿಗೆಯಿಲ್ಲದೆ ಚಿತ್ರ ಹಾಕುವ ಇಂಥ ಕಡೆಗಳಲ್ಲಿ ಮಕ್ಕಳ ಕಣ್ಣಿಗೆ ಬೀಳಬಾರದ ಜಾಹೀರಾತುಗಳೂ ತೆರೆದುಕೊಳ್ಳುತ್ತವೆ. ಹೊಸ ತಾಣಗಳ ಬೆನ್ನು ಹತ್ತುವ ಮೊದಲು, ಈಗಾಗಲೇ ಹಣ ಕಟ್ಟಿರುವ ಸೇವೆಯನ್ನೇ ಸರಿಯಾಗಿ ಶೋಧಿಸಬೇಕು ಎಂಬುದು ನನ್ನ ಅಭಿಪ್ರಾಯ.

ನೆಟ್‌ಫ್ಲಿಕ್ಸ್‌ನ ಆಡಿಯೋ ಪಟ್ಟಿಯಲ್ಲಿ ಸ್ಪ್ಯಾನಿಷ್ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ನಾವಿರುವ ಪ್ರದೇಶ ಮತ್ತು ಪ್ರೊಫೈಲಿನ ಭಾಷೆಯನ್ನು ನೋಡಿಕೊಂಡು ಅದು ಕೆಲವೊಮ್ಮೆ ಕೆಲವು ಭಾಷೆಗಳನ್ನಷ್ಟೇ ಮುಂದಿಡಬಹುದಾದ್ದರಿಂದ, ಮಗುವಿಗೆಂದು ಬೇರೆ ಪ್ರೊಫೈಲ್ ತೆರೆದು ಅದರ ಭಾಷೆಯನ್ನು ಸ್ಪ್ಯಾನಿಷ್‌ಗೆ ಬದಲಿಸಿ ನೋಡಬೇಕು. ಕಂಪ್ಯೂಟರಿನಲ್ಲಾದರೆ ಮೂಲ ಭಾಷೆ, ಡಬ್ಬಿಂಗ್, ಸಬ್‌ಟೈಟಲ್ ಎಂದು ವಿಂಗಡಿಸಿ ಹುಡುಕುವ ಅನುಕೂಲವೂ ಇದೆ. ಸ್ಪೇನಿನವರು ಮಾಡಿದ್ದೆಲ್ಲ ಸ್ಪ್ಯಾನಿಷ್‌ನಲ್ಲೇ ಇರುತ್ತದೆಂದು ನಂಬುವಂತಿಲ್ಲ: ಸೆರ್ಹಿಯೊ ಪಾಬ್ಲೋಸ್ ಅವರು 2019ರಲ್ಲಿ ನಿರ್ದೇಶಿಸಿದ ‘ಕ್ಲೌಸ್’ ಅನಿಮೇಷನ್ ಚಿತ್ರದ ಮೂಲ ಧ್ವನಿ ಇಂಗ್ಲಿಷ್.

ಪಟ್ಟಿಯಲ್ಲಿ ಸ್ಪೇನಿನದೊಂದು, ಲ್ಯಾಟಿನ್ ಅಮೆರಿಕದ್ದೊಂದು ಎಂದು ಎರಡು ಸ್ಪ್ಯಾನಿಷ್‌ಗಳು ಸಿಗಬಹುದು. ಮಗು ಯಾವುದನ್ನು ಕಲಿಯುತ್ತಿದೆಯೋ ಅದನ್ನೇ ಆರಿಸುವುದು ಲೇಸು. ಡಬ್ಬಿಂಗ್ ಮಾತನ್ನು ತುಟಿಯ ಚಲನೆಗೆ ಹೊಂದಿಸಿ ಬರೆದಿರುತ್ತಾರೆ, ಸಬ್‌ಟೈಟಲನ್ನು ಓದುವ ವೇಗಕ್ಕೆ ಹೊಂದಿಸಿರುತ್ತಾರೆ. ಹೀಗಾಗಿ ಕೇಳುವ ಮಾತು ಮತ್ತು ಓದುವ ಸಾಲು ಎಷ್ಟೋ ಸಲ ಬೇರೆಬೇರೆಯಾಗಿ ಕಲಿಯುವವರು ಗಲಿಬಿಲಿಗೊಳ್ಳುತ್ತಾರೆ. ಕೇಳುವ ಮಾತನ್ನೇ ಹೆಚ್ಚುಕಡಿಮೆ ಹಾಗೆಯೇ ಬರೆದಿಡುವ, ‘ಸಿಸಿ’ (ಕ್ಲೋಸ್ಡ್ ಕ್ಯಾಪ್ಷನ್) ಎಂಬ ಗುರುತಿರುವ ಸ್ಪ್ಯಾನಿಷ್ ಸಬ್‌ಟೈಟಲ್ ಇದ್ದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಹಣ ಕೊಡದೆ ನೋಡಬೇಕೆಂದರೆ, ದೆಹಲಿಯಲ್ಲೂ ಕೇಂದ್ರವಿರುವ ಸ್ಪೇನಿನ ಭಾಷೆ-ಸಂಸ್ಕೃತಿ ಸಂಸ್ಥೆ ಇನ್‌ಸ್ಟಿಟ್ಯೂಟೊ ಸೆರ್ವಾಂಟಿಸ್, ವಿಮಿಯೋ ಎಂಬ ವಿಡಿಯೊ ತಾಣದಲ್ಲಿರುವ ತನ್ನ ಚಾನೆಲ್ಲಿನಲ್ಲಿ ಆಗಾಗ ಸೀಮಿತ ಅವಧಿಗೆ ಚಿತ್ರಗಳನ್ನು ತೋರಿಸುತ್ತದೆ, ಆದರೆ ಅವೆಲ್ಲವೂ ಮಕ್ಕಳಿಗಾಗಿ ಮಾಡಿದವಲ್ಲ. ಸ್ಪೇನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಆರ್‌ಟಿವಿಇ ಪ್ಲೇ ಎಂಬ ಆನ್‌ಲೈನ್ ಸೇವೆಯಲ್ಲಿ ಕೆಲವು ಕಾರ್ಯಕ್ರಮಗಳು ಹೊರದೇಶಗಳಿಗೂ ತೆರೆದಿರುತ್ತವೆ; ಪ್ರಸಾರದ ಹಕ್ಕು ದೇಶವಾರು ಮಾರಾಟವಾಗುವುದರಿಂದ ಉಳಿದವು ಇಲ್ಲಿ ಓಡುವುದಿಲ್ಲ, ಮತ್ತು ನಾವಿರುವ ದೇಶವನ್ನು ಮರೆಮಾಚುವ ವಿಪಿಎನ್ ಹಾಕಿ ಒಳನುಗ್ಗುವುದನ್ನು ನಾನು ಕಾನೂನುಬದ್ಧ ದಾರಿಗಳ ಸಾಲಿಗೆ ಸೇರಿಸಲಾರೆ.

ಭಾರತದ 2021ರ ನಿಯಮಗಳಂತೆ ಇಲ್ಲಿನ ಒಟಿಟಿ ಸೇವೆಗಳು ಯು, ಯು/ಎ 7+, 13+, 16+, ಎ ಎಂದು ವಯೋಮಿತಿ ನಮೂದಿಸಬೇಕು. ಹೊರದೇಶದ ತಾಣಗಳಲ್ಲಿ ಈ ಗುರುತು ಇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಅಲ್ಲಿನ ಚಿತ್ರವನ್ನು ಮೊದಲು ನಾನೊಬ್ಬನೇ ನೋಡಿಬಿಡುತ್ತೇನೆ.