ಮಕ್ಕಳ ಜೊತೆ ಅಡುಗೆಮನೆ ಪ್ರಯೋಗ: ಇಲ್ಲಿವರೆಗೆ ಏನೇನಾಯ್ತು

ಮಗಳಿಗೆ 7 ವರ್ಷ, ಮಗನಿಗೆ ನಾಲ್ಕೂವರೆ. ಇಬ್ಬರನ್ನೂ ಕಟ್ಟಿಕೊಂಡು ಅಡುಗೆಮನೆಯಲ್ಲಿ ಮಾಡುತ್ತಿರುವ ಪ್ರಯೋಗಗಳು ಎಲ್ಲಿಗೆ ಬಂದವು ಅಂತ ಬರೆದಿಡುತ್ತಿದ್ದೇನೆ. ನಮ್ಮದು ಒಂದೇ ನಿಯಮ. ಪ್ರಯೋಗಕ್ಕೆ ಇಟ್ಟಿದ್ದು ತಟ್ಟೆಗೆ ಬರಬೇಕು. ಸೋಡಾ ಮೇಲೆ ವಿನಿಗರ್ ಸುರಿದು, ನೊರೆ ಉಕ್ಕಿಸಿ, ಆಮೇಲೆ ಸಿಂಕಿಗೆ ಚೆಲ್ಲುವ ಆಟ ಬೇಡ. ನೋಡೋಕೆ ಅದು ಚೆನ್ನಾಗಿರುತ್ತದೆ, ನಿಜ. ಆದರೆ ನೊರೆ ಇಳಿದ ಮೇಲೆ ಮಕ್ಕಳು ಕೇಳುವುದು "ಇನ್ನೊಂದ್ಸಲ" ಅಂತ ಮಾತ್ರ. ಅದೇ ಸೋಡಾ ಪ್ಯಾನ್‌ಕೇಕ್ ಹಿಟ್ಟಿಗೆ ಬಿದ್ದು, ಒಂದು ಉಬ್ಬಿ ಇನ್ನೊಂದು ಉಬ್ಬದೇ ಹೋದರೆ "ಯಾಕೆ" ಅಂತ ಕೇಳುತ್ತಾರೆ. ತಿನ್ನೋದು ಅವರೇ ಅಲ್ವಾ, ಉತ್ತರ ಗೊತ್ತಾಗಲೇಬೇಕು ಅನ್ನಿಸುತ್ತದೆ.

ಇನ್ನೊಂದು ಅಭ್ಯಾಸ ಈಗ ಚೆನ್ನಾಗಿ ಕೂತಿದೆ. ಏನೇ ಮಾಡುವ ಮೊದಲು ಊಹೆ ಹೇಳಬೇಕು. ಮಗಳು ಪುಸ್ತಕದಲ್ಲಿ ಬರೆಯುತ್ತಾಳೆ, ಮಗ ಪಕ್ಕದಲ್ಲಿ ಚಿತ್ರ ಬಿಡಿಸುತ್ತಾನೆ. ಊಹೆ ಸರಿಯಾಯ್ತಾ ತಪ್ಪಾಯ್ತಾ ಅನ್ನೋದಕ್ಕೆ ನಾನು ಅಂಕ ಕೊಡುವುದಿಲ್ಲ. ಊಹೆ ಇದ್ದರೆ ಕಣ್ಣು ಪಾತ್ರೆ ಬಿಟ್ಟು ಕದಲುವುದಿಲ್ಲ, ನನಗೆ ಬೇಕಾಗಿದ್ದು ಅಷ್ಟೇ.

ಬೆಣ್ಣೆ, ಮತ್ತೆ ಅದರಿಂದ ಹುಟ್ಟಿದ ಪ್ಯಾನ್‌ಕೇಕ್

ಮುಚ್ಚಳ ಬಿಗಿಯಾಗಿ ಕೂರುವ ಬಾಟಲಿಯಲ್ಲಿ ಅರ್ಧದಷ್ಟು ಕೆನೆ. ಸರದಿ ಪ್ರಕಾರ ಅಲುಗಾಡಿಸುವುದು. ಇದನ್ನು ಕಿವಿಯಿಂದ ಕೇಳಬೇಕು. ಮೊದಲು ಕೆನೆ ಗುಳುಗುಳು ಅನ್ನುತ್ತದೆ. ಆಮೇಲೆ ಸದ್ದು ಕಡಿಮೆಯಾಗುತ್ತಾ ಬಂದು ಪೂರ್ತಿ ನಿಂತೇ ಹೋಗುತ್ತದೆ. ಕೆನೆ ಗಾಳಿ ಹಿಡಿದು ದಪ್ಪಗಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಎಷ್ಟೋ ಮಕ್ಕಳು ಇಲ್ಲಿಗೆ "ಮುಗೀತು" ಅಂತ ಕೈಬಿಡುತ್ತಾರೆ. ಇನ್ನೂ ಸ್ವಲ್ಪ ಅಲುಗಾಡಿಸಿದರೆ ಇದ್ದಕ್ಕಿದ್ದಂತೆ ಒಳಗೆ ಏನೋ ದಪ್ ದಪ್ ಅಂತ ಬಡಿಯಲು ಶುರುವಾಗುತ್ತದೆ. ಮಗ ಆ ಹೊತ್ತಿಗೆ ಬಾಟಲಿಯನ್ನು ಕೆಳಗಿಟ್ಟು ಕುಣಿದ. "ಅಪ್ಪಾ, ಒಳಗೆ ಯಾರೋ ಬಂದ್ರು!"

ಕೆನೆಯಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿರುತ್ತದೆ. ಒಂದೊಂದು ಹನಿಗೂ ತೆಳ್ಳನೆ ಪೊರೆ ಇರುತ್ತದೆ. ಅಲುಗಾಡಿಸಿದಾಗ ಪೊರೆ ಹರಿದು, ಕೊಬ್ಬಿಗೆ ಕೊಬ್ಬು ಅಂಟಿ ಮುದ್ದೆಯಾಗುತ್ತದೆ. ನೂರು ಗ್ರಾಂ ಗಟ್ಟಿ ಕೆನೆಯಲ್ಲಿ ಸುಮಾರು 35 ಗ್ರಾಂ ಕೊಬ್ಬಿದ್ದರೆ, ಬೆಣ್ಣೆಯಲ್ಲಿ 80 ಗ್ರಾಂಗಿಂತ ಕಡಿಮೆ ಇರುವುದಿಲ್ಲ. ಉಳಿದ ನೀರಿನಂಶ ಬಹುಪಾಲು ಮಜ್ಜಿಗೆಯಾಗಿ ಕೆಳಗೆ ನಿಂತಿರುತ್ತದೆ. ಎರಡು ಬಾಟಲಿ ಮಾಡಿ, ಒಂದಕ್ಕೆ ಫ್ರಿಜ್‌ನಿಂದ ಆಗತಾನೇ ತೆಗೆದ ಕೆನೆ, ಇನ್ನೊಂದಕ್ಕೆ ಸ್ವಲ್ಪ ಹೊತ್ತು ಹೊರಗಿಟ್ಟ ಕೆನೆ ಹಾಕಿದೆವು. ಹೊರಗಿಟ್ಟದ್ದೇ ಮೊದಲು ಬೆಣ್ಣೆಯಾಯ್ತು. 10ರಿಂದ 15 ಡಿಗ್ರಿ ಇದ್ದರೆ ಕೆಲಸ ಬೇಗ ಆಗುತ್ತದೆ. ತೀರಾ ಬೆಚ್ಚಗಾದರೆ ಬೆಣ್ಣೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಜಿಡ್ಡುಜಿಡ್ಡಾಗುತ್ತದೆ.

ಮಜ್ಜಿಗೆಯನ್ನು ಪ್ಯಾನ್‌ಕೇಕ್ ಹಿಟ್ಟಿಗೆ ಹಾಕೋಣ ಅಂದುಕೊಂಡೆವು. ಈ ಮಜ್ಜಿಗೆ ಹುಳಿ ಇರುವುದಿಲ್ಲ, ಹುಳಿ ಬಂದ ಕೆನೆಯಿಂದ ಮಾಡಿದರೆ ಮಾತ್ರ ಹುಳಿ. ಹುಳಿ ಇಲ್ಲದಿದ್ದರೆ ಅಡುಗೆ ಸೋಡಾ ಏನು ಮಾಡುತ್ತದೆ? ಹಿಟ್ಟನ್ನು ಎರಡು ಪಾಲು ಮಾಡಿದೆವು. ಎರಡಕ್ಕೂ ಅಷ್ಟಷ್ಟೇ ಸೋಡಾ, ಒಂದಕ್ಕೆ ಮಾತ್ರ ನಿಂಬೆರಸ. ನಿಂಬೆ ಬಿದ್ದ ಹಿಟ್ಟಿನಲ್ಲಿ ಕೂಡಲೇ ಗುಳ್ಳೆ ಎದ್ದಿತು. ಹುಳಿಗೂ ಸೋಡಾಕ್ಕೂ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದಲ್ಲ, ಅದೇ ಆ ಗುಳ್ಳೆ. ಮಗಳ ಊಹೆ, ಇನ್ನೊಂದು ಉಬ್ಬುವುದೇ ಇಲ್ಲ ಅಂತ. ಬಿಸಿ ಪ್ಯಾನ್ ಮೇಲೆ ಅದೂ ಸ್ವಲ್ಪ ಉಬ್ಬಿತು! ಸೋಡಾ ಬರೀ ಬಿಸಿಗೂ ಒಡೆದು ಗಾಳಿ ಬಿಡುತ್ತದೆ. ಆದರೆ ಹಾಗೆ ಒಡೆದಾಗ ಹಿಂದೆ ಉಳಿಯುವ ಕ್ಷಾರ ಸೋಪಿನಂಥ ರುಚಿ ಕೊಡುತ್ತದೆ, ಬಣ್ಣವೂ ಬೇಗ ಕಂದಾಗುತ್ತದೆ. ನಿಂಬೆ ಇಲ್ಲದ ಪ್ಯಾನ್‌ಕೇಕ್ ಒಳ್ಳೆ ಕೆಂಪಗೆ ಬೆಂದು, ನೋಡಿದರೆ ಇದೇ ಬೇಕು ಅನ್ನಿಸುವ ಹಾಗಿತ್ತು. ಒಂದು ತುತ್ತು ತಿಂದು ಇಬ್ಬರೂ ಬಿಳಿಚಿಕೊಂಡ ಇನ್ನೊಂದರ ಕಡೆ ಕೈ ಚಾಚಿದರು. ಅವತ್ತು ಪುಸ್ತಕದಲ್ಲಿ ಮಗಳು ಬರೆದಿದ್ದು: "ಚಂದ ಇದ್ದಿದ್ದು ರುಚಿ ಇರಲಿಲ್ಲ. ನಿಂಬೆ ಬೇಕು."

ಬ್ರೆಡ್

ಅತಿ ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಇದು, ಅತಿ ಹೆಚ್ಚು ಕೊಟ್ಟಿದ್ದೂ ಇದೇ. ಒಣ ಈಸ್ಟ್ ನೋಡಿದರೆ ಸುಮ್ನೆ ಕಂದು ಬಣ್ಣದ ಪುಡಿ. ಅದು ಜೀವ ಇರುವ ವಸ್ತು, ಹಿಟ್ಟಿನ ಸಕ್ಕರೆ ತಿಂದು ಗಾಳಿ ಬಿಡುತ್ತದೆ ಅಂದರೆ ಮಗ ನಂಬಲಿಲ್ಲ. "ಕಣ್ಣೆಲ್ಲಿದೆ?" ಅಂದ. ಕಣ್ಣಿಲ್ಲದ ಜೀವವೂ ಇರುತ್ತದೆ ಅಂತ ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲು.

ಒಂದೇ ಅಳತೆ ಹಿಟ್ಟು, ನೀರು, ಈಸ್ಟ್, ಉಪ್ಪು. ಬದಲಾಗಿದ್ದು ಬಿಸಿ ಮಾತ್ರ. ಒಂದರಲ್ಲಿ ಈಸ್ಟನ್ನು 38 ಡಿಗ್ರಿ ಹತ್ತಿರದ ಬೆಚ್ಚನೆ ನೀರಿಗೆ ಹಾಕಿ, ನಾದಿ, ಅಡುಗೆಮನೆಯಲ್ಲೇ ಇಟ್ಟೆವು. ಎರಡನೆಯದು ಅದೇ ಹಿಟ್ಟು, ಆದರೆ ನಾದಿದ ಮೇಲೆ ಫ್ರಿಜ್‌ಗೆ. ಮೂರನೆಯದರಲ್ಲಿ ಈಸ್ಟನ್ನು 60 ಡಿಗ್ರಿ ದಾಟಿದ ನೀರಿಗೆ ಹಾಕಿ, ಆ ನೀರು ಆರಿದ ಮೇಲೆ ಹಿಟ್ಟು ಕಲಸಿದೆವು. ಬಿಸಿನೀರು ಸುರಿದಿದ್ದು ನಾನು, ಥರ್ಮಾಮೀಟರ್ ಓದಿದ್ದು ಮಗಳು. ಪಾತ್ರೆ ಅಗಲವಾಗಿದ್ದರೆ ಹಿಟ್ಟು ಅಡ್ಡಕ್ಕೆ ಹರಡುತ್ತದೆ, ಎಷ್ಟು ಏರಿತು ಅಂತ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಉಂಡೆಯಿಂದ ಒಂದು ತುಂಡು ಕಿತ್ತು, ನೆಟ್ಟಗಿನ ಗಾಜಿನ ಲೋಟದಲ್ಲಿ ಒತ್ತಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆವು. ಇದೊಂದು ಬಹಳ ಉಪಯೋಗದ ಉಪಾಯ. ನಾಲ್ಕು ವರ್ಷದ ಮಗುವೂ "ಬ್ಯಾಂಡ್ ದಾಟ್ತು" ಅಂತ ತಾನೇ ನೋಡಿ ಹೇಳಬಲ್ಲದು.

ಬೆಚ್ಚಗಿನದು ದುಪ್ಪಟ್ಟಾಯ್ತು. ಗಾಜಿಗೆ ಕಣ್ಣು ಹತ್ತಿಸಿದರೆ ಒಳಗೆ ಗುಳ್ಳೆಗಳು, ಕೆಲವು ಸಾಸಿವೆಯಷ್ಟು, ಕೆಲವು ಬಟಾಣಿಯಷ್ಟು. ಮೂರನೆಯದು ಬ್ಯಾಂಡ್ ಹತ್ತಿರವೇ ಕೂತಿತ್ತು. "ಸತ್ತೋಯ್ತಾ?" ಅಂತ ಮಗ ಕೇಳಿದ. ಹೌದು ಅಂದೆ. ಸ್ವಲ್ಪ ಹೊತ್ತು ಆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಹಾಗಾದರೆ ಫ್ರಿಜ್‌ನಲ್ಲಿರುವುದೂ ಸತ್ತಿದೆಯಾ ಅನ್ನೋ ಪ್ರಶ್ನೆ ಅವನದೇ, ನಾನು ಎತ್ತಿಕೊಟ್ಟಿದ್ದಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಫ್ರಿಜ್‌ನದೂ ಬ್ಯಾಂಡ್ ದಾಟಿತ್ತು. ಚಳಿಗೆ ಈಸ್ಟ್ ನಿಧಾನವಾಗುತ್ತದೆ, ಸಾಯುವುದಿಲ್ಲ. ಆ ನಿಧಾನದಲ್ಲೇ ಹಿಟ್ಟಿಗೆ ರುಚಿ ಕೂಡುತ್ತದೆ. ಎರಡೂ ಬ್ರೆಡ್ ಸುಟ್ಟು ಪಕ್ಕಪಕ್ಕ ಇಟ್ಟಾಗ ರಾತ್ರಿಯಿಡೀ ಇದ್ದದ್ದೇ ಮೊದಲು ಖಾಲಿಯಾಯ್ತು. ಏಳದ ಹಿಟ್ಟನ್ನೂ ಬಿಸಾಡಲಿಲ್ಲ. ತೆಳ್ಳಗೆ ಲಟ್ಟಿಸಿ, ಮುಳ್ಳುಚಮಚದಿಂದ ಚುಚ್ಚಿ, ಗರಿಗರಿ ಬಿಸ್ಕತ್ತಿನ ಹಾಗೆ ಸುಟ್ಟೆವು. ಉಬ್ಬದ ಹಿಟ್ಟಿಗೆ ಅದೇ ಸರಿಯಾದ ಜಾಗ.

ಮಗಳು ಇದರ ಮೇಲೆ ತನ್ನದೇ ಒಂದು ಪ್ರಯೋಗ ಕಟ್ಟಿದಳು. ಉಪ್ಪು ಹಾಕದಿದ್ದರೆ? ಉಪ್ಪಿಲ್ಲದ ಹಿಟ್ಟು ಜಾಸ್ತಿ ಬೇಗ ಏರಿತು, ಯಾಕೆಂದರೆ ಉಪ್ಪು ಈಸ್ಟ್‌ನ ವೇಗ ತಗ್ಗಿಸುತ್ತದೆ. ಬ್ರೆಡ್ ಮಾತ್ರ ಸಪ್ಪೆ, ಸೂಪಿನಲ್ಲಿ ಅದ್ದಿ ಮುಗಿಸಿದೆವು. ಜೊತೆಗೆ ಸಕ್ಕರೆಯನ್ನೂ ಹೆಚ್ಚಿಸೋಣ ಅಂದಿದ್ದಳು. ಎರಡು ಒಟ್ಟಿಗೆ ಬದಲಾದರೆ ಯಾವುದರಿಂದ ಏರಿತು ಅಂತ ಹೇಗೆ ಹೇಳ್ತೀಯಾ ಅಂದೆ. ಯೋಚಿಸಿ, ಸಕ್ಕರೆ ಡಬ್ಬಿ ಮುಚ್ಚಿದಳು. ಈವರೆಗಿನ ಎಲ್ಲಾ ಪ್ರಯೋಗಗಳಲ್ಲಿ ನನಗೆ ಅತಿ ಖುಷಿ ಕೊಟ್ಟ ಗಳಿಗೆ ಅದೇ.

ಹಸಿ ಹಿಟ್ಟು ನೆಕ್ಕುವುದಕ್ಕೆ ಮಾತ್ರ ನಮ್ಮಲ್ಲಿ ಅನುಮತಿ ಇಲ್ಲ. ಮೊಟ್ಟೆ ಹಾಕಿಲ್ಲ, ಏನಾಗುತ್ತೆ ಅಂತ ಅನ್ನಿಸಬಹುದು. ಬೇಯಿಸದ ಹಿಟ್ಟಿನಲ್ಲೂ ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಇರಬಹುದು. ನಾದಿದ ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯುವುದೂ ಆಟದ ಭಾಗವೇ.

ಹಾಲು ಎಲ್ಲಿ ಜಾಸ್ತಿ?

ಇದು ಯೋಜನೆಯಲ್ಲಿ ಇರಲೇ ಇಲ್ಲ. ಪ್ಯಾನ್‌ಕೇಕಿಗೆ ಅಂತ ಎರಡು ಕಪ್ ಹಾಲು ಅಳೆದು, ಒಂದನ್ನು ಉದ್ದ ಲೋಟಕ್ಕೂ ಇನ್ನೊಂದನ್ನು ಅಗಲ ಬಟ್ಟಲಿಗೂ ಸುರಿದಿದ್ದೆವು. ಉದ್ದ ಲೋಟದಲ್ಲೇ ಜಾಸ್ತಿ ಅಂತ ಮಗನ ಹಟ. ಅಳೆದಿದ್ದು ಅವನೇ. ವಾಪಸ್ ಕಪ್ಪಿಗೆ ಸುರಿದು ತೋರಿಸಿದರೆ "ಈಗ ಸಮ ಆಯ್ತು" ಅಂದ. ಮತ್ತೆ ಉದ್ದ ಲೋಟಕ್ಕೆ ಸುರಿದರೆ ಮತ್ತೆ ಜಾಸ್ತಿ. ಅವನ ಅಕ್ಕ ಹಣೆ ಚಚ್ಚಿಕೊಂಡಳು: "ಅದೇ ಹಾಲಲ್ವೇನೋ!"

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳಲ್ಲಿ ಗಮನಿಸಿದ್ದು ಇದನ್ನೇ. ಪಾತ್ರೆಯ ಆಕಾರ ಬದಲಾದರೂ ಒಳಗಿನದು ಅಷ್ಟೇ ಇರುತ್ತದೆ ಅನ್ನೋ ತಿಳಿವಳಿಕೆ ಸಾಮಾನ್ಯವಾಗಿ 7 ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕೆ ಮೊದಲು ಕಣ್ಣಿಗೆ ಎತ್ತರವೇ ಎದ್ದು ಕಾಣುತ್ತದೆ. ಒಂದೇ ಮೇಜಿನ ಎರಡು ಕಡೆ, ಒಬ್ಬಳು ಆ ಗೆರೆ ದಾಟಿ ನಿಂತಿದ್ದಾಳೆ, ಒಬ್ಬ ಇನ್ನೂ ಈಚೆಗಿದ್ದಾನೆ. ತಕ್ಕಡಿ ತಂದು ಗ್ರಾಂ ತೋರಿಸೋಣ ಅಂತ ಮಗಳ ಯೋಚನೆ. ಪಾತ್ರೆಗಳ ತೂಕ ಸೊನ್ನೆ ಮಾಡಿ, ಹಾಲಿನದಷ್ಟೇ ತೂಗಿದೆವು. ಎರಡಕ್ಕೂ ಒಂದೇ ಅಂಕಿ. ಮಗ ಅಂಕಿಯನ್ನು ನೋಡಿ, ಲೋಟವನ್ನು ನೋಡಿ, "ಆದ್ರೂ ಇದು ಜಾಸ್ತಿ" ಅಂದ. ಅಲ್ಲಿಗೆ ಬಿಟ್ಟೆವು. ವಾದ ಮಾಡಿ ಒಪ್ಪಿಸುವ ವಿಷಯವಲ್ಲ ಇದು. ಮಾಸಕ್ಕೊಮ್ಮೆ ಅದೇ ಲೋಟ, ಅದೇ ಬಟ್ಟಲು ಇಟ್ಟು ಕೇಳುವುದು ಅಂತ ತೀರ್ಮಾನ. ಉತ್ತರ ಬದಲಾಗುವ ದಿನವನ್ನು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ಅಲ್ಲಿವರೆಗೆ ಇಬ್ಬರಿಗೂ ಒಂದೇ ಥರದ ಲೋಟ ಕೊಡುವುದು ಕ್ಷೇಮ.

ಕೆಂಪು ಎಲೆಕೋಸು

ಹೆಚ್ಚಿದ ಕೆಂಪು ಕೋಸನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಿಂಬೆ ಹಿಂಡಿದರೆ ಗುಲಾಬಿ, ಚಿಟಿಕೆ ಸೋಡಾ ಹಾಕಿದರೆ ನೀಲಿ, ಇನ್ನೂ ಹಾಕಿದರೆ ಹಸಿರು. ಆಂಥೊಸಯನಿನ್ ಅನ್ನೋ ಬಣ್ಣದ ವಸ್ತು ಹುಳಿಗೂ ಕ್ಷಾರಕ್ಕೂ ಬೇರೆ ಬೇರೆ ಥರ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ ಪ್ರಯೋಗವೇ ಇದು. ಸೋಡಾ ಹಾಕಿದ ನೀರು ತಟ್ಟೆಗೆ ಬರುವಂಥದ್ದಲ್ಲ, ಹಾಗಾಗಿ ಅದು ಒಂದು ಚಮಚದಷ್ಟು ಮಾತ್ರ. ಉಳಿದ ಕೋಸಿಗೆಲ್ಲ ನಿಂಬೆ, ಉಪ್ಪು, ಸೇಬಿನ ಚೂರು ಬೆರೆಸಿ ಸಲಾಡ್ ಮಾಡಿದೆವು.

ನನಗೆ ಇಲ್ಲಿ ಮುಖ್ಯವಾಗಿದ್ದು ಬೇರೆ. ಮಗ ಕೋಸು ಮುಟ್ಟುವವನಲ್ಲ. ಮಕ್ಕಳ ಊಟದ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಲೀನ್ ಬರ್ಚ್ ಮತ್ತು ಜೊತೆಗಾರರು 1980ರ ದಶಕದಲ್ಲಿ ತೋರಿಸಿದ ಒಂದು ವಿಷಯವಿದೆ. ಹೊಸ ತಿನಿಸನ್ನು ಮತ್ತೆ ಮತ್ತೆ ರುಚಿ ನೋಡಿದಷ್ಟೂ ಸಣ್ಣ ಮಕ್ಕಳಿಗೆ ಅದು ಇಷ್ಟವಾಗುತ್ತಾ ಹೋಗುತ್ತದೆ. ಬರೀ ಕಣ್ಣಿಂದ ನೋಡಿದರೆ ಸಾಲದು, ನಾಲಿಗೆಗೆ ತಾಗಬೇಕು. ಬಣ್ಣದಾಟ ಎಷ್ಟೇ ಚಂದ ಇದ್ದರೂ ಕೋಸು ಬಾಯಿಗೆ ಹೋಗದೆ ಇಷ್ಟವಾಗುವುದಿಲ್ಲ ಅಂತಾಯ್ತು. ಹಾಗಂತ ಒತ್ತಾಯ ಇಲ್ಲ. ತಾನೇ ಗುಲಾಬಿ ಮಾಡಿದ ಒಂದು ಎಳೆ ನೆಕ್ಕಿ, ಉಗಿದ. ಮುಂದಿನ ಸಲ ಒಂದು ಎಳೆ ಅಗಿದ, ಆಮೇಲೆ ಉಗಿದ. ನನ್ನ ಲೆಕ್ಕದಲ್ಲಿ ಅದು ಮುನ್ನಡೆ.

ಕೈಗೆ ಏನು ಕೊಡುವುದು

ಸದ್ಯ ಮಗನ ಕೆಲಸ: ತೊಳೆಯುವುದು, ಹರಿಯುವುದು, ಹಿಸುಕುವುದು, ಸುರಿಯುವುದು. ಮಗಳಿಗೆ ಸಣ್ಣ ಚಾಕು ಬಂದಿದೆ, ಬೆರಳ ತುದಿ ಒಳಕ್ಕೆ ಮಡಚಿ ಹಿಡಿದು ಹೆಚ್ಚುವುದನ್ನು ಬಾಳೆಹಣ್ಣಿನ ಮೇಲೆ ಕಲಿತು ಈಗ ಸೌತೆಕಾಯಿಗೆ ಬಂದಿದ್ದಾಳೆ. ಮೊಂಡು ಚಾಕು ಕೊಡಬೇಡಿ. ಅದಕ್ಕೆ ಜಾಸ್ತಿ ಒತ್ತಬೇಕು, ಒತ್ತಿದಾಗಲೇ ಜಾರುವುದು. ಪ್ಯಾನಿನ ಹಿಡಿ ಯಾವಾಗಲೂ ಒಳಮುಖ. ನಿಲ್ಲುವ ಸ್ಟೂಲ್ ಅಲ್ಲಾಡಬಾರದು.

ಪಾಪ್‌ಕಾರ್ನ್ ದಿನ ಒಲೆ ಮುಂದೆ ನಾನೊಬ್ಬನೇ, ಅವರಿಬ್ಬರೂ ಗಾಜಿನ ಮುಚ್ಚಳ ಕಾಣುವಷ್ಟು ದೂರದಲ್ಲಿ. ಕಾಳಿನೊಳಗೆ ನೂರಕ್ಕೆ 14ರಷ್ಟು ನೀರು. ಸುಮಾರು 180 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ಸಿಪ್ಪೆಯನ್ನು ಒಡೆಯುತ್ತದೆ. ಮೊದಲೇ ಸೂಜಿಯಿಂದ ಸಿಪ್ಪೆ ತೂತು ಮಾಡಿಟ್ಟ ಕಾಳುಗಳು ಬಹುಪಾಲು ಅರಳದೆ ಉಳಿದವು, ಆವಿ ಸೋರಿ ಹೋಗಿತ್ತು. 4 ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇರುವುದರಿಂದ ಕೊಡಬಾರದು. ದಾಟಿದವರೂ ಕೂತೇ ತಿನ್ನಬೇಕು.

ಮುಂದಿನದು

ಐಸ್‌ಕ್ರೀಮ್. ಹಾಲು, ಕೆನೆ, ಸಕ್ಕರೆ ಹಾಕಿದ ಸಣ್ಣ ಚೀಲವನ್ನು ಐಸ್ ತುಂಬಿದ ದೊಡ್ಡ ಚೀಲದೊಳಗೆ ಇಟ್ಟು ಅಲುಗಾಡಿಸುವುದು. ಒಂದು ದೊಡ್ಡ ಚೀಲದ ಐಸಿಗೆ ಉಪ್ಪು ಹಾಕುತ್ತೇವೆ, ಇನ್ನೊಂದಕ್ಕೆ ಇಲ್ಲ. ಬರೀ ಐಸ್ ಕರಗುವಾಗ 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಸಕ್ಕರೆ ಬೆರೆತ ಹಾಲು ಗಟ್ಟಿಯಾಗಲು ಅಷ್ಟು ಚಳಿ ಸಾಲದು. ಉಪ್ಪು ಸೇರಿದರೆ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಪಕ್ಕದ ಹಾಲಿನಿಂದಲೇ ಎಳೆದುಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮೈನಸ್ 21 ಡಿಗ್ರಿವರೆಗೂ ಇಳಿಯಬಲ್ಲದು. ಬರಿಗೈಯಲ್ಲಿ ಹಿಡಿದರೆ ಚರ್ಮಕ್ಕೆ ಪೆಟ್ಟಾಗುತ್ತದೆ, ಹಾಗಾಗಿ ದಪ್ಪ ಟವೆಲ್ ಸುತ್ತಿಯೇ ಕೈಗೆ ಕೊಡುವುದು. ಥರ್ಮಾಮೀಟರ್ ಸೊನ್ನೆಯ ಕೆಳಗೂ ಓದುತ್ತದಾ ಅಂತ ಮೊದಲೇ ನೋಡಿಕೊಂಡಿದ್ದೇನೆ, ಓದುತ್ತದೆ.

ಊಹೆಗಳು ಬರೆದಾಗಿವೆ. ಮಗಳು: "ಉಪ್ಪು ಹಾಕಿದ್ದು ಬೇಗ ಕರಗುತ್ತೆ, ಅದಕ್ಕೇ ಐಸ್‌ಕ್ರೀಮ್ ಆಗಲ್ಲ." ಮಗ: ಎರಡು ಚೀಲದ ಚಿತ್ರ, ಉಪ್ಪಿನ ಚೀಲದ ಪಕ್ಕ ನಾಲಿಗೆ ಹೊರಗೆ ಹಾಕಿದ ಒಂದು ಮುಖ. ಭಾನುವಾರ ಮಾಡುತ್ತೇವೆ.