ವೇಲ್ಸ್‌ನಲ್ಲಿ ಹುಟ್ಟಿದ ಮಗಳಿಗೊಂದು ಹೆಸರು

ನಾಲ್ಕು ತಿಂಗಳು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು. ಹದಿನಾಲ್ಕು ಹೆಣ್ಣು ಹೆಸರು, ಒಂಬತ್ತು ಗಂಡು ಹೆಸರು. ಅದರಲ್ಲಿ ಅರ್ಧ ನಮಗೆ ಓದಲಿಕ್ಕೇ ಬರುತ್ತಿರಲಿಲ್ಲ.

ನಾವಿರುವುದು ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ, ಅಬೆರಸ್ಟ್‌ವಿತ್ ಅನ್ನುವ ಸಣ್ಣ ಊರಲ್ಲಿ. ಮುಂದೆ ಸಮುದ್ರ, ಹಿಂದೆ ಗುಡ್ಡ. ವೇಲ್ಸ್ ಅಂದರೆ ಇಂಗ್ಲೆಂಡಿನ ಒಂದು ಜಿಲ್ಲೆ ಇರಬೇಕು ಅಂತ ಊರ ಕಡೆ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಇದು ಬೇರೆಯೇ ನಾಡು, ಇದರದ್ದೇ ಭಾಷೆ ಇದೆ. 2021ರ ಜನಗಣತಿಯಲ್ಲಿ ಸುಮಾರು 5 ಲಕ್ಷ 38 ಸಾವಿರ ಜನ ತಮಗೆ ವೆಲ್ಶ್ ಬರುತ್ತದೆ ಅಂದಿದ್ದಾರೆ. ನಮ್ಮ ಬೀದಿಯ ಅಂಗಡಿಯಲ್ಲಿ ದಿನಾ ಕಿವಿಗೆ ಬೀಳುತ್ತದೆ. ಮಗು ಇಲ್ಲೇ ಹುಟ್ಟುತ್ತೆ, ಇಲ್ಲಿನ ಮಕ್ಕಳ ಜೊತೆಗೇ ಆಡುತ್ತೆ. ಹೆಸರೂ ಈ ನೆಲದ್ದೇ ಇರಲಿ ಅಂತ ನಮ್ಮಿಬ್ಬರಿಗೂ ಅನ್ನಿಸಿತು.

ಓದಲು ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಈ ಕಡೆ ಅಜ್ಜಿಗೆ ‘ಮಮ್‌ಗೀ’ ಅಂತಾರೆ. ಬರೆಯುವಾಗ ಕೊನೆಯಲ್ಲಿ ಯು ಅಕ್ಷರ, ಬಾಯಲ್ಲಿ ಮಾತ್ರ ಈ. ನಾವೂ ಅವರನ್ನು ಹಾಗೇ ಕರೆಯುತ್ತೇವೆ. ಚೀಟಿ ನೋಡಿ ಅವರು ಹೇಳಿದ ಮೊದಲ ಮಾತು, ‘ಇಂಗ್ಲಿಷ್ ಮರೆತು ಓದು.’

ಮರೆತು ಓದಿದರೆ ಎಷ್ಟು ಸುಲಭ ಗೊತ್ತಾ! ಕನ್ನಡದ ಹಾಗೆ ಬರೆದದ್ದನ್ನೇ ಓದುವ ಭಾಷೆ ಇದು. ಎಫ್ ಒಂದೇ ಇದ್ದರೆ ವ, ಎರಡಿದ್ದರೆ ಫ. ಡಬ್ಲ್ಯೂ ಎಷ್ಟೋ ಕಡೆ ನಮ್ಮ ಉ. ಡಿ ಎರಡು ಬಂದರೆ ಇಂಗ್ಲಿಷಿನ ‘ದಿಸ್’ ಶುರುವಾಗುವ ದ. ವೈ ಕೊನೆಯಲ್ಲಿದ್ದರೆ ಇ, ಮೊದಲಲ್ಲಿದ್ದರೆ ಹೆಚ್ಚುಕಡಿಮೆ ಅ. ಹಾಗಾಗಿ ನಾನು ‘ಮೈಫಾನ್ವೈ’ ಅಂತ ಓದಿದ್ದು ನಿಜಕ್ಕೂ ‘ಮವಾನ್ವಿ’. ಕೇಳಲು ಎಷ್ಟು ಹಿತವಾಗಿದೆ, ಅಲ್ವಾ? ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರದ ಮೇಲೆ ಬೀಳುತ್ತೆ. ಅದೊಂದು ನೆನಪಿದ್ದರೆ ಹೊಸ ಹೆಸರನ್ನೂ ಧೈರ್ಯವಾಗಿ ಓದಬಹುದು.

ಅವರ ವರ್ಣಮಾಲೆಯಲ್ಲಿ 29 ಅಕ್ಷರ. ಎರಡೆರಡು ಗುರುತು ಸೇರಿ ಆಗುವ ಎಂಟು ಅಕ್ಷರಗಳೂ ಅದರಲ್ಲಿ ಸೇರಿವೆ. ಪದಬಂಧದಲ್ಲಿ ಅಂಥದ್ದಕ್ಕೆ ಒಂದೇ ಮನೆ. ನಮ್ಮ ಖ, ಘ ಒಂದೊಂದೇ ಅಕ್ಷರ, ಇಂಗ್ಲಿಷಿನಲ್ಲಿ ಬರೆದರೆ ಎರಡಾಗುತ್ತವಲ್ಲ, ಹಾಗೇ ಇದು. ನನಗೆ ತುಂಬಾ ಖುಷಿ ಕೊಟ್ಟದ್ದು ಙ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದ ಅಕ್ಷರ ಅದು. ಇಲ್ಲಿ ಅದು ಗ ಆದ ಮೇಲೆ ಬರುತ್ತೆ, ನಮ್ಮ ಸಾಲಿನಲ್ಲಿ ಗ, ಘ ಆದ ಮೇಲೆ ಬರುವ ಹಾಗೇ. ‘ಅಙ್‌ಹಾರದ್’ ಅಂತ ಒಂದು ಹಳೆಯ ಹೆಸರಿದೆ, ತುಂಬಾ ಪ್ರೀತಿಪಾತ್ರಳು ಅಂತ ಅರ್ಥ. ಅದರೊಳಗೆ ಆ ಙ ಜೀವಂತವಾಗಿದೆ.

ಕಷ್ಟ ಅಂದರೆ ಎಲ್ ಎರಡು ಬರುವ ಅಕ್ಷರ. ಅದು ಲ್ಲ ಅಲ್ಲ. ಲ ಹೇಳುವಾಗ ನಾಲಿಗೆ ಎಲ್ಲಿ ತಾಗುತ್ತೋ ಅಲ್ಲೇ ನಿಲ್ಲಿಸಿ. ಸ್ವರ ಬಿಡಬೇಡಿ, ನಾಲಿಗೆಯ ಪಕ್ಕದಿಂದ ಉಸಿರು ಮಾತ್ರ ಊದಿ. ಬಿಸಿ ಕಾವಲಿಗೆ ನೀರು ಚಿಮುಕಿಸಿದಾಗ ಬರುವ ಸದ್ದಿನ ಹಾಗಿರಬೇಕು. ಮಮ್‌ಗೀ ಅಡುಗೆಮನೆಯಲ್ಲಿ ಕೂತು ನಾನು ಮೂರು ಸಂಜೆ ಊದಿದೆ. ನನ್ನ ಹೆಸರಲ್ಲಿ ಒಂದು ಳ ಇದೆ. ನಾನು ಅವರ ಅಕ್ಷರ ಕಲಿಯುವಾಗ ಅವರು ನಾಲಿಗೆ ಹಿಂದಕ್ಕೆ ಮಡಚಿ ನನ್ನ ಳ ಕಲಿತರು. ಮೊದಲು ನಾನು ಕೆಲಸ ಮಾಡುತ್ತಿದ್ದ ಕಡೆ, ಇಂಗ್ಲೆಂಡಿನ ಒಂದು ಆಫೀಸಿನಲ್ಲಿ, ಎರಡು ವರ್ಷ ನನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಕರೆದರು. ಈ ಅಜ್ಜಿ ಎಪ್ಪತ್ತು ದಾಟಿದ ಮೇಲೆ ನನಗಾಗಿ ಳ ಕಲಿತರು. ಆ ಸಂಜೆ ಮನೆಗೆ ಬಂದು ಸುಮ್ನೆ ಅತ್ತುಬಿಟ್ಟೆ.

ಆ ಅಕ್ಷರ ಇರುವ ಹೆಸರು ಗ್ವೆನ್‌ಲ್ಹಿಯನ್. ಅಂಥ ಒಬ್ಬಳ ಕಥೆಯನ್ನು ಮಮ್‌ಗೀಯೇ ಹೇಳಿದ್ದು. 1282ರಲ್ಲಿ ಹುಟ್ಟಿದ ರಾಜಕುಮಾರಿ. ಹೆರಿಗೆಯಲ್ಲಿ ತಾಯಿ ಹೋದಳು, ಅದೇ ವರ್ಷ ತಂದೆ ಲ್ಹವೆಲಿನ್‌ನನ್ನು ಇಂಗ್ಲಿಷರ ಸೈನ್ಯ ಕೊಂದಿತು. ಕೂಸನ್ನು ದೂರದ ಲಿಂಕನ್‌ಶೈರ್‌ನ ಮಠಕ್ಕೆ ಸಾಗಿಸಿದರು. 1337ರಲ್ಲಿ ಸಾಯುವವರೆಗೂ ಅಲ್ಲೇ ಇದ್ದಳು. ಅವಳ ಹೆಸರನ್ನೂ ಅಲ್ಲಿನವರು ಸರಿಯಾಗಿ ಬರೆಯಲಿಲ್ಲ. 2009ರಲ್ಲಿ ಉತ್ತರ ವೇಲ್ಸ್‌ನ ಒಂದು ಬೆಟ್ಟಕ್ಕೆ ಅವಳ ಹೆಸರಿಟ್ಟರು. ಈಗ ನಕ್ಷೆಯಲ್ಲಿ ಅದು ಸರಿಯಾಗಿಯೇ ಇದೆ. ನಾನು ಆ ಹೆಸರನ್ನು ತುಂಬಾ ದಿನ ಬಿಡಲಿಲ್ಲ. ಆದರೆ ಅಷ್ಟು ದುಃಖ ಹೊತ್ತ ಹೆಸರನ್ನು ಪುಟ್ಟ ಮಗುವಿನ ಮೇಲೆ ಹೊರಿಸಲು ಮನಸ್ಸಾಗಲಿಲ್ಲ.

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲೇ ಒಂದೊಂದು ಹೆಸರನ್ನೂ ತೂಗಿ ನೋಡಿದರು. ಅಙ್‌ಹಾರದ್ ಅಂದೆ. ‘ಅಂಗಾರಕ ಅಂತ ಕೇಳ್ಸುತ್ತೆ, ಕುಜದೋಷ ನಾವೇ ಕರೆದು ತಂದ ಹಾಗೆ’ ಅಂದರು. ಮೇರಿಯ ವೆಲ್ಶ್ ರೂಪ ಮರಿ, ನಮಗೆ ಅದರ ಮೇಲೆ ತುಂಬಾ ಆಸೆ. ಮರಿ ಅಂತ ಮುದ್ದು ಮಾಡುವವರು ನಾವು! ಆದರೆ ಇಲ್ಲಿಯವರು ಮ ಸ್ವಲ್ಪ ಎಳೆದು ಹೇಳುತ್ತಾರೆ. ‘ಮಾರಿ ಅಂತ ಕೂಗ್ತಾರಲ್ಲ, ಬೇಡ ಮಾರಾಯ್ತಿ’ ಅಂದರು ಅಮ್ಮ. ಅದೂ ಹೋಯಿತು. ಇನಿಷಿಯಲ್ ಏನಿಡುತ್ತೀರಿ ಅಂತಲೂ ಕೇಳಿದರು. ಇಲ್ಲೂ ಹಿಂದೆ ನಮ್ಮ ಹಾಗೇ ಅಪ್ಪನ ಹೆಸರೇ ಜೊತೆಗಿರುತ್ತಿತ್ತು. ಮಗನಾದರೆ ‘ಆಪ್’, ಮಗಳಾದರೆ ‘ವೆರ್ಖ್’. ಇಂಗ್ಲಿಷ್ ಆಡಳಿತ ಬಿಗಿಯಾದ ಮೇಲೆ ಮನೆತನದ ಹೆಸರು ಬಂತು. ಆಪ್ ರೀಸ್ ಹೋಗಿ ಪ್ರೈಸ್ ಆಯಿತು, ಆಪ್ ಹವೆಲ್ ಹೋಗಿ ಪವೆಲ್.

ಮಗಳು ಹುಟ್ಟಿದಳು. ಇಲ್ಲಿ 42 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, ಸಾಮಾನ್ಯವಾಗಿ ಆಗಲೇ ಹೆಸರೂ ಕೊಡುತ್ತಾರೆ. ಮೂವತ್ತು ದಿನ ಕಳೆದರೂ ಚೀಟಿ ಫ್ರಿಜ್ಜಿನ ಮೇಲೇ ಇತ್ತು. ಒಂದು ಭಾನುವಾರ ಕೂಸನ್ನು ಹೊದಿಸಿಕೊಂಡು ಊರಿನ ಉತ್ತರಕ್ಕೆ ಕಾರಿನಲ್ಲಿ ಹೋದೆವು. ತಾಲ್‌ಅಬಾಂಟ್ ಹಳ್ಳಿಯ ಹತ್ತಿರ ಒಂದು ಹೊಳೆ. ಕಲ್ಲುಗಳ ನಡುವೆ ತಿಳಿಯಾಗಿ ಹರಿದು, ಮುಂದೆ ಡವಿ ನದಿಯ ಅಳಿವೆ ಸೇರುತ್ತದೆ. ಹೆಸರು ಎಲೆರಿ. ಹೆಣ್ಣುಮಕ್ಕಳಿಗೂ ಇಡುತ್ತಾರೆ. ಇವರು ನನ್ನ ಮುಖ ನೋಡಿದರು. ತುಂಗಾ, ಭದ್ರಾ, ಕಾವೇರಿ, ಹೇಮಾವತಿ ಅಂತ ಕರೆಯುವ ಮನೆಗಳಿಂದ ಬಂದವರು ನಾವು. ಹೊಳೆಯ ಹೆಸರು ನಮಗೆ ಹೊಸದೇ? ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ‘ಎಲೇರಿ... ಕಾವೇರಿ ಹಾಗೇ ಇದೆ, ಇಡಿ’ ಅಂದರು.

ನಾಮಕರಣ ಮನೆಯಲ್ಲೇ ಆಯಿತು. ನಾದಿನಿ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ಸೋದರತ್ತೆಯಾಗಿ ಮೂರು ಸಲ ಹೆಸರು ಹೇಳಿದಳು. ಫೋನನ್ನು ಕೂಸಿನ ಕಿವಿ ಹತ್ತಿರ ಹಿಡಿದಿದ್ದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಇವರು ಅರಿಶಿನದ ಕೊಂಬಿನಿಂದ ಹೆಸರು ಬರೆದರು. ಮಮ್‌ಗೀ ಬಗ್ಗಿ ನೋಡುತ್ತಿದ್ದರು. ತಾನೂ ಬರೆಯಬಹುದಾ ಅಂತ ಕೇಳಿದರು. ಕೊಂಬು ಕೊಟ್ಟು, ಕೈ ಹಿಡಿದು ತೋರಿಸಿದೆ. ಎ ಬರೆಯಲು ತುಂಬಾ ಹೊತ್ತು ಹಿಡಿಯಿತು. ಲೆ ಬಂತು. ‘ಇನ್ನೆಷ್ಟು?’ ಅಂದರು. ‘ಇನ್ನೊಂದೇ, ಮಮ್‌ಗೀ’ ಅಂದೆ.