'ಇತರೆ' ಅನ್ನೋ ಕಾಲಂ

ಫೋನ್ ತಯಾರಿಸುವ ಕಂಪನಿಯೊಂದರಲ್ಲಿ ಗ್ರಾಹಕರ ಪ್ರತಿಕ್ರಿಯೆ ಓದುವುದು ನನ್ನ ಕೆಲಸ. ಹೊಸ ಮಾಡೆಲ್ ಘೋಷಣೆಯಾದ ದಿನ ನಮ್ಮ ತಂಡಕ್ಕೆ ನಿದ್ದೆ ಇರುವುದಿಲ್ಲ. ಜನ ಬರೆದದ್ದು, ಕರೆ ಮಾಡಿ ಕೇಳಿದ್ದು, ಅಂಗಡಿಯವರ ಹತ್ತಿರ ಹೇಳಿ ಹೋದದ್ದು, ಎಲ್ಲವೂ ಒಂದು ಶೀಟಿಗೆ ಬಂದು ಬೀಳುತ್ತದೆ. ಒಂದೊಂದು ಸಾಲನ್ನೂ ಓದಿ ಎದುರಿಗೆ ಗುರುತು ಹಾಕಬೇಕು. ಕ್ಯಾಮೆರಾ, ಬ್ಯಾಟರಿ, ಬೆಲೆ, ಡಿಸೈನ್, ಸಾಫ್ಟ್‌ವೇರ್. ಯಾವುದಕ್ಕೂ ಸೇರದಿದ್ದರೆ ಕೊನೆಯ ಕಾಲಂ, 'ಇತರೆ'.

ಆ ಕೊನೆಯ ಕಾಲಂ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಆ ವರ್ಷದ ದೊಡ್ಡ ಮಾಡೆಲ್‌ಗೆ ಎರಡೂ ಪಕ್ಕ ಬಾಗಿದ ಸ್ಕ್ರೀನ್ ಇತ್ತು. ಅಂಚೇ ಇಲ್ಲವೇನೋ ಅನ್ನುವ ಹಾಗೆ ಗಾಜು ಬದಿಗೆ ಇಳಿದಿತ್ತು. ಫೋಟೋದಲ್ಲಿ ನಿಜವಾಗಿಯೂ ಚಂದ ಕಾಣುತ್ತಿತ್ತು. ಮೊದಲ ಒಂದು ಗಂಟೆಯಲ್ಲಿ ಬಂದ ಮಾತುಗಳಲ್ಲಿ ಅರ್ಧ ಆ ಗಾಜಿನ ಹೊಗಳಿಕೆ. ಉಳಿದದ್ದು ಜಗಳ. ಹಿಂದಿನ ಕ್ಯಾಮೆರಾ ಉಬ್ಬಿಕೊಂಡಿದೆ ಅಂತ ಒಂದು ಗುಂಪು, ಪ್ರೊಸೆಸರ್ ಹೋದ ವರ್ಷದ್ದು ಅಂತ ಇನ್ನೊಂದು ಗುಂಪು. ನಾನು ಎಲ್ಲವನ್ನೂ ಎಣಿಸಿದೆ. ಬಣ್ಣಬಣ್ಣದ ಚಾರ್ಟ್ ಮಾಡಿದೆ. 'ಬಾಗಿದ ಸ್ಕ್ರೀನ್‌ಗೆ ಭರ್ಜರಿ ಸ್ವಾಗತ' ಅಂತ ಮೊದಲ ಸಾಲು ಬರೆದು ಬೆಳಗ್ಗೆ ಕಳಿಸಿದೆ. ಎಲ್ಲರೂ ಮೆಚ್ಚಿಕೊಂಡರು.

ಅದೇ ರಾತ್ರಿ ನಾನು 'ಇತರೆ'ಗೆ ತಳ್ಳಿದ ಸಾಲುಗಳಲ್ಲಿ ಎರಡು ಹೀಗಿದ್ದವು.

'ಅಮ್ಮನಿಗೆ ಕೈ ನಡುಗುತ್ತದೆ, ಬೀಳಬಾರದು ಅಂತ ಫೋನನ್ನು ಗಟ್ಟಿಯಾಗಿ ಹಿಡ್ಕೋತಾರೆ. ಪಕ್ಕದಲ್ಲೂ ಸ್ಕ್ರೀನ್ ಇದ್ರೆ ಬೆರಳು ತಾಗಿ ಏನಾದ್ರೂ ಒತ್ತಿಹೋಗಲ್ವಾ?'

'ಇದಕ್ಕೆ ಟೆಂಪರ್ಡ್ ಗ್ಲಾಸ್ ಸರಿಯಾಗಿ ಕೂರುತ್ತಾ?'

ಓದಿದ್ದು ನೆನಪಿದೆ. ಗುರುತು ಹಾಕಿ ಮುಂದಕ್ಕೆ ಹೋದದ್ದೂ ನೆನಪಿದೆ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ, ಬರೀ ಪ್ರಶ್ನೆ. ಎಣಿಕೆಗೆ ಸಿಗುವಂಥದ್ದಲ್ಲ ಅನ್ನಿಸಿತ್ತು.

ಫೋನ್ ಮಾರಾಟಕ್ಕೆ ಬಂದು ಎರಡು ತಿಂಗಳಾಗಿತ್ತು. ಸರ್ವಿಸ್ ವಿಭಾಗದಿಂದ ದೂರುಗಳ ಕಟ್ಟು ನಮ್ಮ ಮೇಜಿಗೆ ಬಂತು. ಮಾತಾಡುತ್ತಾ ಇರುವಾಗ ಕಾಲ್ ತಾನಾಗಿಯೇ ಮ್ಯೂಟ್ ಆಗುತ್ತದೆ. ಒಂದೇ ಕೈಯಲ್ಲಿ ಹಿಡಿದು ಟೈಪ್ ಮಾಡಿದರೆ ಅಂಚಿನ ಅಕ್ಷರ ಬೀಳುವುದೇ ಇಲ್ಲ. ರಕ್ಷಣೆಗೆ ಅಂತ ಮೇಲೆ ಟೆಂಪರ್ಡ್ ಗ್ಲಾಸ್ ಹಾಕಿಸಿದರೆ ಸ್ಕ್ರೀನ್ ನಡುವೆ ಟಚ್ ಮಂದ. ಇವೆಲ್ಲ ಒಂದೇ ಬೇರಿನಿಂದ ಬಂದವು. ಇಂಥ ಟಚ್ ಸ್ಕ್ರೀನ್ ಒತ್ತಡವನ್ನು ಅಳೆಯುವುದಿಲ್ಲ. ಚರ್ಮ ಹತ್ತಿರ ಬಂದಾಗ ಗಾಜಿನ ಕೆಳಗಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಹಿಡಿಯುತ್ತದೆ. ಅದಕ್ಕೆ ಬೆರಳ ತುದಿಯೂ ಒಂದೇ, ಬದಿಗೆ ಒತ್ತಿಕೊಂಡ ಅಂಗೈಯ ಮಾಂಸವೂ ಒಂದೇ. ಯಾವುದು ಬೇಕೆಂದೇ ಮುಟ್ಟಿದ್ದು, ಯಾವುದು ಸುಮ್ನೆ ತಾಗಿದ್ದು ಅಂತ ಸಾಫ್ಟ್‌ವೇರ್ ಊಹಿಸಬೇಕು. ಊಹೆ ಒಂದು ಕಡೆ ತಪ್ಪಿದರೆ ಬೇಡದ್ದು ಒತ್ತಿಹೋಗುತ್ತದೆ, ಇನ್ನೊಂದು ಕಡೆ ತಪ್ಪಿದರೆ ಬೇಕಾದದ್ದು ಬೀಳುವುದಿಲ್ಲ. ಗ್ಲಾಸಿನ ಕಥೆಯೂ ಹಾಗೆಯೇ. ಚಪ್ಪಟೆ ಸ್ಕ್ರೀನಿಗೆ ಪೂರ್ತಿ ಅಂಟು ಹಿಡಿಯುತ್ತದೆ. ಬಾಗಿದ್ದಕ್ಕೆ ಎಷ್ಟೋ ಗ್ಲಾಸುಗಳಲ್ಲಿ ಅಂಚಿಗೆ ಮಾತ್ರ ಅಂಟು ಇರುತ್ತದೆ, ನಡುವೆ ತೆಳು ಗಾಳಿ ಉಳಿದುಬಿಡುತ್ತದೆ.

ಅಮ್ಮನ ಬಗ್ಗೆ ಬರೆದವರು ಆ ಫೋನನ್ನು ಮುಟ್ಟಿಯೇ ಇರಲಿಲ್ಲ. ಚಿತ್ರ ನೋಡಿದ್ದರು, ಅಷ್ಟೇ. ಆದರೆ ಅಮ್ಮನ ಕೈ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಜನ ಆ ಫೋನನ್ನು ತಿಂಗಳುಗಟ್ಟಲೆ ಬಳಸಿದ್ದೆವು. ಆ ಕೈ ನಮಗೆ ಗೊತ್ತಿರಲಿಲ್ಲ. ಅದನ್ನು ತಿಳಿಸಿಕೊಟ್ಟ ಸಾಲನ್ನು ನಾನೇ ಬದಿಗಿಟ್ಟಿದ್ದೆ. ಆ ದಿನ ಮನೆಗೆ ಹೋದ ಮೇಲೂ ಮನಸ್ಸು ಸಮಾಧಾನ ಆಗಲಿಲ್ಲ.

ಘೋಷಣೆಯ ದಿನ ಜನರ ಮುಂದೆ ಇರುವುದು ಎರಡೇ: ಒಂದಷ್ಟು ಚಿತ್ರ, ಒಂದು ಸ್ಪೆಕ್ ಪಟ್ಟಿ. ಹಾಗಾಗಿ ಮಾತೂ ಅದರ ಬಗ್ಗೆಯೇ ಬರುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂಎಎಚ್, ಏನನ್ನು ತೆಗೆದುಹಾಕಿದ್ದಾರೆ. ಫೋನ್ ಜೇಬಿನಲ್ಲಿ ಬಿಸಿಯಾಗುತ್ತಾ, ಬಿಸಿಲಲ್ಲಿ ಅಕ್ಷರ ಕಾಣುತ್ತಾ, ಎರಡು ವರ್ಷ ಕಳೆದ ಮೇಲೆ ಬ್ಯಾಟರಿ ಸಂಜೆಯವರೆಗೆ ಬರುತ್ತಾ ಅನ್ನುವುದು ಪಟ್ಟಿಯಲ್ಲಿ ಇರುವುದಿಲ್ಲ.

ಪಟ್ಟಿಗೂ ಕೈಗೂ ಎಷ್ಟು ದೂರ ಅನ್ನುವುದಕ್ಕೆ ಐಫೋನ್ ಎಕ್ಸ್‌ಆರ್ ಒಳ್ಳೆಯ ಉದಾಹರಣೆ. 2018ರ ಸೆಪ್ಟೆಂಬರ್‌ನಲ್ಲಿ ಅದು ಬಂದಾಗ ಸ್ಕ್ರೀನಿನಲ್ಲಿ 1792x828 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿ) ಅನ್ನುವ ಸಂಖ್ಯೆ ನೋಡಿ ಜನ ಸಿಟ್ಟಾಗಿದ್ದರು. ಅದಕ್ಕಿಂತ ಎಷ್ಟೋ ಅಗ್ಗದ ಫೋನ್‌ಗಳಲ್ಲಿ ಅದಕ್ಕಿಂತ ಹೆಚ್ಚು ಪಿಕ್ಸೆಲ್ ಇದ್ದವು, ಆ ಮಾತು ಸುಳ್ಳಲ್ಲ. ಆದರೆ 2019ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಫೋನ್‌ಗಳ ಸಾಲಿನಲ್ಲಿ ಅದು ಮುಂದೆ ನಿಂತಿತು. ಕೊಂಡವರು ಪಿಕ್ಸೆಲ್ ಎಣಿಸಲಿಲ್ಲ. ಬ್ಯಾಟರಿ ದಿನಪೂರ್ತಿ ಬರುತ್ತಿತ್ತು, ಅದು ಸಾಕಾಯಿತು.

ಇದರ ತದ್ವಿರುದ್ಧ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7. 2016ರ ಆಗಸ್ಟ್ 2ರಂದು ಘೋಷಣೆ. ಮೊದಲ ಪ್ರತಿಕ್ರಿಯೆ ತುಂಬ ಚೆನ್ನಾಗಿತ್ತು. ಆಮೇಲೆ ಬ್ಯಾಟರಿಗೆ ಬೆಂಕಿ ಹತ್ತಿದ ಸುದ್ದಿಗಳು ಶುರುವಾದವು. ಅಕ್ಟೋಬರ್ 11ಕ್ಕೆ ಆ ಮಾಡೆಲ್ಲನ್ನೇ ನಿಲ್ಲಿಸಿಬಿಟ್ಟರು. ಹೊಗಳಿಕೆ ತುಂಬಿದ ಶೀಟ್ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಬ್ಯಾಟರಿಯ ಒಳಗೆ ಏನಿದೆ ಅಂತ ಯಾವ ಗ್ರಾಹಕರೂ ಚಿತ್ರದಿಂದ ಹೇಳಲಾರರು. ಅದನ್ನು ಅವರ ಹೊಗಳಿಕೆಯಿಂದ ತಿಳಿದುಕೊಳ್ಳಬೇಕು ಅಂತ ನಾವೂ ಕಾಯಬಾರದು.

ನಮ್ಮ ತಂಡದಲ್ಲಿ ಒಬ್ಬ ಹಿರಿಯರಿದ್ದಾರೆ. ಈ ಕೆಲಸದಲ್ಲಿ ನನಗಿಂತ ಬಹಳ ಅನುಭವ. ಬೈಗುಳದ ಸಾಲುಗಳನ್ನು ಓದಿ ನಾನು ಗಾಬರಿಯಾದಾಗ ಅವರು ಹೇಳುತ್ತಿದ್ದರು: "ಹೊಸದು ಅಂದ್ರೆ ಬೈತಾರೆ. ಆರು ತಿಂಗಳು ಬಿಟ್ಟು ಅವರೇ ಕೊಳ್ತಾರೆ." ಅವರ ಹತ್ತಿರ ಆಧಾರ ಇತ್ತು. 2007ರ ಜನವರಿಯಲ್ಲಿ ಮೊದಲ ಐಫೋನ್ ತೋರಿಸಿದಾಗ ಕೀಬೋರ್ಡ್ ಇಲ್ಲದ ಫೋನಿನಲ್ಲಿ ಕೆಲಸದ ಮಂದಿ ಮೇಲ್ ಬರೆಯೋದು ಹೇಗೆ ಅಂತ ಕೇಳಿದವರು ಕಡಿಮೆಯಿಲ್ಲ. ಮೈಕ್ರೋಸಾಫ್ಟ್ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಕೂಡ ಅದನ್ನೇ ಹೇಳಿ ನಕ್ಕಿದ್ದರು. 2011ರಲ್ಲಿ ಮೊದಲ ಗ್ಯಾಲಕ್ಸಿ ನೋಟ್ 5.3 ಇಂಚಿನ ಸ್ಕ್ರೀನ್ ಹಿಡಿದು ಬಂದಾಗ, ಇಷ್ಟು ದೊಡ್ಡದನ್ನು ಕಿವಿಗೆ ಹಿಡಿಯೋದಾ ಅಂದರು. ಇವತ್ತು ಆ ಅಳತೆಯ ಫೋನ್ ಚಿಕ್ಕದರ ಲೆಕ್ಕ. 2017ರಲ್ಲಿ ಐಫೋನ್ ಎಕ್ಸ್‌ನ ನಾಚ್, ಅಂದರೆ ಸ್ಕ್ರೀನಿನ ಮೇಲಂಚಿನಲ್ಲಿ ಕ್ಯಾಮೆರಾಗೆ ಬಿಟ್ಟ ಕಪ್ಪು ಜಾಗ, ನೋಡಿ ನಕ್ಕರು. ಮರುವರ್ಷ ಕಂಪನಿಗಳು ಸಾಲುಗಟ್ಟಿ ಅದನ್ನೇ ಹಾಕಿದವು.

ಇದೆಲ್ಲ ನಿಜ. ಆದರೂ ಅವರ ಮಾತನ್ನು ಪೂರ್ತಿ ಒಪ್ಪಲು ನನಗೆ ಆಗಲಿಲ್ಲ. 2015ರ ಗ್ಯಾಲಕ್ಸಿ ಎಸ್6 ನೋಡಿ. ಗಾಜು, ಲೋಹದ ಮೈ, ನೋಡೋಕೆ ಹಿಂದಿನದಕ್ಕಿಂತ ಎಷ್ಟೋ ಮೇಲು. ಆದರೆ ಎಸ್5ನಲ್ಲಿದ್ದ ಮೆಮೊರಿ ಕಾರ್ಡ್ ಜಾಗ ಹೋಯಿತು, ನೀರಿನಿಂದ ರಕ್ಷಣೆ ಹೋಯಿತು, ಬಿಚ್ಚಿ ಹಾಕುವ ಬ್ಯಾಟರಿಯೂ ಹೋಯಿತು. ಜನ ಬೇಸರ ಮಾಡಿಕೊಂಡರು. ಅದು ಆರು ತಿಂಗಳಲ್ಲಿ ಮರೆತುಹೋಗುವ ಬೇಸರ ಆಗಿರಲಿಲ್ಲ. 2016ರ ಎಸ್7ನಲ್ಲಿ ಕಾರ್ಡೂ ವಾಪಸ್ ಬಂತು, ನೀರಿನ ರಕ್ಷಣೆಯೂ ವಾಪಸ್ ಬಂತು. ಬಿಚ್ಚುವ ಬ್ಯಾಟರಿ ಮಾತ್ರ ಬರಲಿಲ್ಲ.

ಹಾಗಾದರೆ ಯಾವ ಬೇಸರ ಹೋಗುತ್ತದೆ, ಯಾವುದು ಉಳಿಯುತ್ತದೆ? ನನ್ನ ತಲೆ ತಿಂದ ಪ್ರಶ್ನೆ ಇದು. ಹಳೆಯ ಶೀಟುಗಳನ್ನು ತೆಗೆದು, ದೂರುಗಳ ಪಕ್ಕ ಇಟ್ಟು ಓದುತ್ತಾ ಹೋದೆ. ಒಂದು ವಾರ ಆಯಿತು. ನಿಧಾನಕ್ಕೆ ಒಂದು ವಿಷಯ ಕಣ್ಣಿಗೆ ಬಿತ್ತು. ಹೋಗುವ ಬೇಸರದಲ್ಲಿ ಫೋನ್ ಮಾತ್ರ ಇರುತ್ತದೆ. 'ಅಸಹ್ಯವಾಗಿದೆ', 'ಇದೇನಿದು', 'ಈ ಕಂಪನಿ ಕಥೆ ಮುಗೀತು'. ಉಳಿಯುವ ಬೇಸರದಲ್ಲಿ ಒಬ್ಬ ಮನುಷ್ಯ ಇರುತ್ತಾರೆ. ಒಂದು ಹೊತ್ತು ಇರುತ್ತದೆ, ಒಂದು ಜಾಗ ಇರುತ್ತದೆ, ಎಷ್ಟೋ ಸಲ 'ಯಾಕಂದ್ರೆ' ಅನ್ನುವ ಪದವೇ ಇರುತ್ತದೆ.

ಹೆಡ್‌ಫೋನ್ ಜ್ಯಾಕ್ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರ್ ಜ್ಯಾಕ್ ತೆಗೆದರು. ದೊಡ್ಡ ಗದ್ದಲ ಆಯಿತು. ಕೈಯಲ್ಲಿದ್ದದ್ದು ಹೋದರೆ ಆಗುವ ಸಂಕಟ ಅಷ್ಟೇ ಬೆಲೆಯ ಹೊಸದು ಸಿಕ್ಕಾಗ ಆಗುವ ಖುಷಿಗಿಂತ ಜಾಸ್ತಿ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್‌ಸ್ಕಿ 1979ರಲ್ಲೇ ಬರೆದಿದ್ದರು. ಆ ಗದ್ದಲದ ಬಹುಪಾಲು ಅಂಥ ಸಂಕಟವೇ ಇರಬೇಕು. ಮರುವರ್ಷ ಗೂಗಲ್‌ನ ಪಿಕ್ಸೆಲ್ 2 ಫೋನಿನಲ್ಲಿ ಜ್ಯಾಕ್ ಹೋಯಿತು, 2019ರಲ್ಲಿ ಗ್ಯಾಲಕ್ಸಿ ನೋಟ್ 10ರಲ್ಲೂ ಹೋಯಿತು. ಆದರೆ ಅದೇ ಗದ್ದಲದ ಒಳಗೆ ಇನ್ನೊಂದು ಮಾತಿತ್ತು: ಚಾರ್ಜ್‌ಗೆ ಹಾಕಿಕೊಂಡೇ ಹಾಡು ಕೇಳುವವರು ಏನು ಮಾಡಬೇಕು? ಡಬ್ಬಿಯಲ್ಲಿ ಅಡಾಪ್ಟರ್ ಕೊಟ್ಟಿದ್ದರು ನಿಜ. ಆದರೆ ಇದ್ದದ್ದು ಒಂದೇ ಕಿಂಡಿ. ಅಡಾಪ್ಟರ್ ಸಿಕ್ಕಿಸಿದರೆ ಚಾರ್ಜರ್‌ಗೆ ಜಾಗವಿಲ್ಲ. ಎರಡು ಕೂಗೂ ಶೀಟಿನಲ್ಲಿ 'ಜ್ಯಾಕ್ ಇಲ್ಲ, ಕೋಪ' ಅಂತ ಒಂದೇ ಕಾಲಂಗೆ ಹೋಗುತ್ತವೆ. ಹೋಗಬಾರದು. ಒಂದು ಅಭ್ಯಾಸ ತಪ್ಪಿದ ನೋವು, ಇನ್ನೊಂದು ಪ್ರತಿ ರಾತ್ರಿ ಎದುರಾಗುವ ತೊಡಕು.

'ಬೇಕು' ಅನ್ನುವ ಮಾತನ್ನೂ ನಾನು ಈಗ ಬೇರೆ ರೀತಿ ಓದುತ್ತೇನೆ. ಚಿಕ್ಕ ಫೋನ್ ಬೇಕು ಅಂತ ಜನ ವರ್ಷಗಟ್ಟಲೆ ಕೇಳಿದರು. 2020ರಲ್ಲಿ 5.4 ಇಂಚಿನ ಐಫೋನ್ 12 ಮಿನಿ ಬಂತು, 2021ರಲ್ಲಿ 13 ಮಿನಿ. 2022ರಲ್ಲಿ ಆ ಜಾಗಕ್ಕೆ 6.7 ಇಂಚಿನ ಐಫೋನ್ 14 ಪ್ಲಸ್ ಬಂದು ಕೂತಿತು. ಇದನ್ನು ತೋರಿಸಿ, ಜನ ಕೇಳೋದು ಒಂದು ಕೊಳ್ಳೋದು ಇನ್ನೊಂದು ಅಂತ ಮೀಟಿಂಗ್‌ಗಳಲ್ಲಿ ಹೇಳುವವರಿದ್ದಾರೆ. ನನಗೆ ಆ ಮಾತು ಕೇಳಿದರೆ ಬೇಜಾರಾಗುತ್ತದೆ. ಕೇಳಿದವರು ಸುಳ್ಳು ಹೇಳಿರಲಿಲ್ಲ. ಆ ಫೋನನ್ನು ಪ್ರೀತಿಯಿಂದ ಇನ್ನೂ ಬಳಸುತ್ತಿರುವವರು ನನಗೇ ಗೊತ್ತು. ಅವರ ಸಂಖ್ಯೆ ಕಡಿಮೆ ಇತ್ತು, ದನಿ ಗಟ್ಟಿ ಇತ್ತು. ದನಿಯನ್ನು ಕೇಳಿ ಸಂಖ್ಯೆಯನ್ನು ಊಹಿಸಿದರೆ ತಪ್ಪು ಊಹಿಸಿದವರದ್ದು.

ಈಗ ನಮ್ಮ ಶೀಟಿನಲ್ಲಿ 'ಇತರೆ' ಇಲ್ಲ. ಮ್ಯಾನೇಜರ್ ಹತ್ತಿರ ಎರಡು ಸಲ ಕೇಳಿ, ಮೂರನೇ ಸಲಕ್ಕೆ ಒಪ್ಪಿಸಿದೆ. ಆ ಜಾಗದಲ್ಲಿ 'ಯಾರು, ಯಾವಾಗ' ಅಂತ ಒಂದು ಕಾಲಂ ಇದೆ. ಪ್ರಶ್ನೆ ರೂಪದಲ್ಲಿ ಬಂದ ಸಾಲುಗಳನ್ನು ಮೊದಲು ಓದುತ್ತೇವೆ. ಪ್ರಶ್ನೆ ಕೇಳುವವರು ಆಗಲೇ ಆ ಫೋನನ್ನು ಮನಸ್ಸಿನಲ್ಲೇ ತಮ್ಮ ಜೇಬಿಗೆ ಹಾಕಿಕೊಂಡು ಒಂದು ದಿನ ಕಳೆದು ಬಂದಿರುತ್ತಾರೆ. ಎಣಿಕೆ ಈಗಲೂ ಮಾಡುತ್ತೇವೆ, ಚಾರ್ಟ್ ಈಗಲೂ ಹೋಗುತ್ತದೆ. ಆದರೆ ಚಾರ್ಟ್‌ನ ಕೆಳಗೆ ಹತ್ತು ಸಾಲುಗಳನ್ನು ಬಂದದ್ದು ಬಂದ ಹಾಗೆಯೇ, ಒಂದಕ್ಷರ ತಿದ್ದದೆ ಹಾಕುತ್ತೇನೆ. ಅಕ್ಷರ ತಪ್ಪಿದ್ದರೆ ತಪ್ಪಿದ ಹಾಗೇ ಇರುತ್ತದೆ. ಸಾರಾಂಶ ಮಾಡಿದರೆ ಮೊದಲು ಮಾಯವಾಗುವುದು ಆ ಅಮ್ಮನ ಕೈ.

ಹೋದ ಸಲದ ಘೋಷಣೆಯ ರಾತ್ರಿ ಅಂಥದ್ದೇ ಒಂದು ಸಾಲು ಬಂತು. ಹೊಸ ಮಾಡೆಲ್‌ನಲ್ಲಿ ಬೆರಳಚ್ಚು ಓದುವ ಜಾಗವನ್ನು ಪವರ್ ಬಟನ್‌ನಿಂದ ಸ್ಕ್ರೀನ್ ಒಳಗೆ ತಂದಿದ್ದೆವು. ಒಬ್ಬರು ಕೇಳಿದ್ದರು: 'ನಾನು ಕೆಲಸ ಮಾಡುವಾಗ ಗ್ಲೌಸ್ ಹಾಕಿರ್ತೀನಿ. ದಿನಕ್ಕೆ ಎಷ್ಟು ಸಲ ಬಿಚ್ಚಲಿ?' ಹೊಗಳಿಕೆ, ಜಗಳಗಳ ನಡುವೆ ಅದೊಂದೇ ಅಂಥ ಸಾಲು. ಹಳೆಯ ಫೋನಿನಲ್ಲಿ ಹೇಗೆ ಮಾಡ್ತಿದ್ರಿ ಅಂತ ಅವತ್ತೇ ಬರೆದು ಕೇಳಿದೆ. ಗ್ಲೌಸ್ ಹಾಕಿಕೊಂಡರೆ ಹಳೆಯದರಲ್ಲೂ ಬೆರಳಚ್ಚು ಬೀಳುವಂತಿಲ್ಲ, ಅದು ನನಗೆ ಗೊತ್ತಿತ್ತು.

ಮರುದಿನ ಉತ್ತರ ಬಂತು. ಮಾತಿಲ್ಲ, ಬರೀ ಒಂದು ಫೋಟೋ. ಎಣ್ಣೆ ಹಿಡಿದು ಕಪ್ಪಾದ ರಬ್ಬರ್ ಗ್ಲೌಸ್. ಬಲಗೈ ಹೆಬ್ಬೆರಳಿನ ತುದಿಯನ್ನು ಮಾತ್ರ ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದರು. ಫೋನನ್ನು ಹಿಡಿದೆತ್ತುವಾಗ ಪಕ್ಕದ ಬಟನ್‌ಗೆ ಸರಿಯಾಗಿ ಕೂರುವಷ್ಟೇ ತೂತು. ಆಚೆಯಿಂದ ಹೆಬ್ಬೆರಳ ಚರ್ಮ ಇಣುಕುತ್ತಿತ್ತು, ಅದರ ಮೇಲೆ ಹಳೆಯ ಸುಟ್ಟ ಗುರುತು. ನಾನು ಆ ಫೋಟೋವನ್ನು ಪ್ರಿಂಟ್ ತೆಗೆದು, ಬೆರಳಚ್ಚಿನ ಕೆಲಸ ನೋಡುವ ಇಂಜಿನಿಯರ್ ಮೇಜಿನ ಮೇಲೆ ಇಟ್ಟು ಬಂದೆ.